ಸಾಕು ಅನ್ನುವ ಮಾತು

ಕಳೆದ ಡಿಸೆಂಬರಿನಲ್ಲಿ ಕುಂದಾಪುರದಲ್ಲಿ ನಮ್ಮ ಕಡೆಯ ಒಂದು ಮದುವೆ. ಎರಡನೇ ಪಂಕ್ತಿಯಲ್ಲಿ ಕೂತಿದ್ದೆವು. ಹೋಳಿಗೆ ಬಡಿಸುವ ಹುಡುಗ ಮತ್ತೊಮ್ಮೆ ಬಂದ. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು, ಸಾಕು" ಅಂದೆ. ಪಕ್ಕದಲ್ಲಿ ಅನ್ನ ಕಲಸುತ್ತಿದ್ದ ಇವರ ಕೈ ನಿಂತಿತು. ತಿರುಗಿ ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಹೋಳಿಗೆ ತೋರಿಸಿದೆ. "ಓ" ಅಂದು ಮತ್ತೆ ಸಾರನ್ನಕ್ಕೆ ಕೈ ಹಾಕಿದರು.

ಆದದ್ದು ಅಷ್ಟೆ. ಎದುರು ಸಾಲಿನಲ್ಲಿದ್ದ ಚಿಕ್ಕಮ್ಮನಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ಶಬ್ದಕ್ಕೆ ಒಂದು ಚರಿತ್ರೆ ಉಂಟು. ಅದಕ್ಕೆ ಎರಡೂವರೆ ವರ್ಷ ಮೊದಲು ಒಂದು ರಾತ್ರಿ ಅಡುಗೆಮನೆಯಲ್ಲಿ, ನಳ್ಳಿ ಹಾಗೇ ಹರಿಯಲು ಬಿಟ್ಟು, ಇದೇ ಮಾತನ್ನು ನಾನು ಇವರಿಗೆ ಹೇಳಿದ್ದೆ. "ನನಗೆ ಸಾಕು." ಆಗ ಎದುರಿಗೆ ಹೋಳಿಗೆ ಇರಲಿಲ್ಲ.

ಹೊಟ್ಟೆ ತುಂಬಿದವರೂ ಸಾಕು ಅನ್ನುತ್ತಾರೆ, ಬದುಕು ಬೇಡವಾದವರೂ ಸಾಕು ಅನ್ನುತ್ತಾರೆ. ಕನ್ನಡ ಎರಡಕ್ಕೂ ಒಂದೇ ಶಬ್ದ ಇಟ್ಟುಕೊಂಡಿದೆ. ಮೊದಲು ಇದು ನಮ್ಮ ಭಾಷೆಯ ಬಡತನ ಅಂತ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಖಿನ್ನತೆಯ ಆಸ್ಪತ್ರೆ ಚೀಟಿಗಳೆಲ್ಲ ಲೆಕ್ಕ ಇಡುವುದು ಎರಡನೇ ಸಾಕು ಬಾಯಿಂದ ಹೋಯಿತಾ ಇಲ್ಲವಾ ಅಂತ. ಮೊದಲನೇ ಸಾಕು ಬಂತಾ ಅಂತ ಕೇಳುವವರು ಕಡಿಮೆ. ಅದು ತಾನಾಗಿ ಬರುತ್ತದೆ ಅಂತ ಎಲ್ಲರೂ ನಂಬಿದ್ದಾರೆ, ನಾನೂ ನಂಬಿದ್ದೆ.

ನಾನು ಇಪ್ಪತ್ತು ವರ್ಷದಿಂದ ಬ್ಯಾಂಕಿನಲ್ಲಿರುವವಳು. ದಕ್ಷಿಣ ಕನ್ನಡ, ಉಡುಪಿ, ಈ ಎರಡು ಜಿಲ್ಲೆಗಳಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ, ಇಲ್ಲಿ ಕಲ್ಲೆಸೆದರೆ ಬ್ಯಾಂಕಿನವರ ಮನೆಯ ಹಂಚಿನ ಮೇಲೇ ಬೀಳುವುದು. ಇಲ್ಲಿ ಹುಟ್ಟಿದ ಮೂರು ಬ್ಯಾಂಕುಗಳು 2019 ಮತ್ತು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಊರಿಗೆ ಊರೇ ಮನೆಯ ಹಿರಿಯರೊಬ್ಬರು ಹೋದ ಹಾಗೆ ಮಾತಾಡಿಕೊಂಡಿತು. ಅದರ ಹಿಂದೆಯೇ ಕೊರೋನ. ಇದರಿಂದಲೇ ನನಗೆ ಹೀಗಾಯಿತು ಅಂತ ಹೇಳಿದರೆ ಕೇಳುವವರಿಗೆ ಸಮಾಧಾನ. ಆದರೆ ಪಕ್ಕದ ಕೌಂಟರಿನಲ್ಲಿ ಕೂತವರಿಗೂ ಅದೇ ಕೆಲಸ, ಅದೇ ಕೊರೋನ, ಅದೇ ಮಾಸ್ಕು. ಅವರಿಗೆ ಏನೂ ಆಗಲಿಲ್ಲ. ನನ್ನ ಅಜ್ಜಿಯ ತಂಗಿಯೊಬ್ಬರು ವರ್ಷಗಟ್ಟಲೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ ಅಂತ ಅಮ್ಮ ಬಾಯಿ ಬಿಟ್ಟದ್ದು ನಾನು ಮಾತ್ರೆ ಶುರು ಮಾಡಿದ ಮೇಲೆ.

"ಅದಕ್ಕೆ ಆಗ ಎಂತ ಹೇಳ್ತಿದ್ರು?" ಕೇಳಿದೆ.

"ಎಂತ ಹೇಳುದು? ಅವ್ರಿಗೆ ಜನ ಆಗುದಿಲ್ಲ ಅಂತಿದ್ರು."

ನನಗೆ ದುಃಖ ಅಂತ ಇರಲಿಲ್ಲ. ಇದನ್ನು ಹೇಳಿದರೆ ಜನ ನಂಬುವುದು ಕಷ್ಟ. ಹೋದದ್ದು ರುಚಿ. ಮೊದಲು ಬಂಗುಡೆ ಪುಳಿಮುಂಚಿಯ ರುಚಿ ಹೋಯಿತು, ಆಮೇಲೆ ಹಾಡಿನದ್ದು, ಆಮೇಲೆ ಮಗಳ ಮಾತಿನದ್ದು. ಬೆಳಗಿನ ಜಾವ ಮೂರೂವರೆಗೆ ಎಚ್ಚರ, ಮತ್ತೆ ನಿದ್ದೆಯಿಲ್ಲ. ನಮ್ಮಲ್ಲಿ ಇದಕ್ಕೆಲ್ಲ ಇರುವುದು ಒಂದೇ ಮಾತು, ಬೇಜಾರು. ಕರೆಂಟು ಹೋದರೂ ಬೇಜಾರು, ಸಾವಿನ ಮನೆಯಲ್ಲೂ ಬೇಜಾರು, ಭಾನುವಾರ ಮಧ್ಯಾಹ್ನ ಮಾಡಲು ಕೆಲಸ ಇಲ್ಲದಿದ್ದರೂ ಬೇಜಾರು. ಇಷ್ಟು ಅಗಲದ ಶಬ್ದದ ಅಡಿಯಲ್ಲಿ ಕಾಯಿಲೆಯೊಂದು ಎಷ್ಟು ಕಾಲ ಬೇಕಾದರೂ ಅಡಗಿ ಕೂರಬಹುದು. ಅತ್ತೆ ತುಳುವಿನಲ್ಲಿ "ಬೇಜಾರ್ ಮಲ್ಪೊಡ್ಚಿ" ಅನ್ನುತ್ತಿದ್ದರು, ಬೇಜಾರು ಮಾಡಬೇಡ ಅಂತ. ಬೇಜಾರನ್ನು ನಾವು ದೋಸೆ ಮಾಡಿದ ಹಾಗೆ ಮಾಡುತ್ತೇವೆ ಅಂತ ನಮ್ಮ ಭಾಷೆಗಳ ಲೆಕ್ಕ; ಮಾಡುವುದನ್ನು ಬಿಟ್ಟರಾಯಿತು.

ಇನ್ನೊಂದು ಪ್ರಶ್ನೆ ಉಂಟು, ಕರಾವಳಿಯಲ್ಲಿ ಖಿನ್ನತೆಯಾದ ಯಾರಾದರೂ ಕೇಳಿಯೇ ಇರುತ್ತಾರೆ: "ನಿಂಗೆ ಎಂತ ಕಡಿಮೆ ಉಂಟು ಮಾರಾಯ್ತಿ?" ಮಂಗಳೂರಿನ ಬಿಜೈಯಲ್ಲಿ ಸ್ವಂತ ಫ್ಲ್ಯಾಟು, ಖಾಯಂ ಕೆಲಸ, ಕುಡಿಯದ ಗಂಡ, ಕ್ಲಾಸಿಗೆ ಫಸ್ಟ್ ಬರುವ ಮಗಳು. ಬದುಕಿನ ತೃಪ್ತಿ ಅಳೆಯುವ ಪ್ರಶ್ನಾವಳಿಯೇ ಇದು, ಉತ್ತರ ಮಾತ್ರ ಕೇಳುವವರೇ ತುಂಬಿಸಿಕೊಂಡು ಬಂದಿರುತ್ತಾರೆ. ನಾನೂ ಆ ಪಟ್ಟಿಯನ್ನು ರಾತ್ರಿ ಎಷ್ಟೋ ಸಲ ಓದಿದ್ದೇನೆ. ಯಾವುದೂ ಕಡಿಮೆ ಇರಲಿಲ್ಲ. ಅದರಿಂದ ನಾಚಿಕೆ ಇನ್ನಷ್ಟು ಹೆಚ್ಚಾಯಿತು.

ಮಂಗಳೂರಿನಲ್ಲಿ ಆಸ್ಪತ್ರೆಗೆ ಬರವಿಲ್ಲ. ಕಾಸರಗೋಡಿನಿಂದ, ಚಿಕ್ಕಮಗಳೂರಿನಿಂದ, ಉತ್ತರ ಕನ್ನಡದಿಂದ ಜನ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ. ನನಗೆ ಮನೆಯಿಂದ ಎರಡು ಕಿಲೋಮೀಟರ್ ದೂರದ ಮನೋವೈದ್ಯರ ಬಾಗಿಲಿಗೆ ಹೋಗಲು ಒಂದೂವರೆ ವರ್ಷ ಹಿಡಿಯಿತು. ನಡುವೆ ಥೈರಾಯ್ಡ್ ನೋಡಿಸಿದೆ, ಬಿ-12 ನೋಡಿಸಿದೆ. ಎಲ್ಲ ಸರಿ ಉಂಟು ಅಂತ ರಿಪೋರ್ಟ್ ಬಂದಾಗ ಲ್ಯಾಬಿನ ಮೆಟ್ಟಿಲಲ್ಲೇ ಅಳು ಬಂತು. ಥೈರಾಯ್ಡ್ ಆಗಿದ್ದರೆ ಎಲ್ಲರ ಹತ್ತಿರ ಹೇಳಿಕೊಳ್ಳಬಹುದಿತ್ತಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ ಇರುವ ನೂರರಲ್ಲಿ ಸುಮಾರು 85 ಮಂದಿ ಚಿಕಿತ್ಸೆಯ ಹೊರಗೇ ಇದ್ದಾರೆ. ಆಸ್ಪತ್ರೆ ದೂರ ಅನ್ನುವುದೊಂದೇ ಕಾರಣ ಅಲ್ಲ ಅಂತ ಬಿಜೈಯವಳಾದ ನಾನು ಸಾಕ್ಷಿ ಹೇಳಬಲ್ಲೆ. ಕೊನೆಗೆ ಹೋದದ್ದು 2022ರ ಜೂನಿನಲ್ಲಿ, ಮಾಸ್ಕು ಹಾಕಿಕೊಂಡು. ಆಗ ಮಾಸ್ಕು ಕಡ್ಡಾಯ ಇತ್ತೋ ಇಲ್ಲವೋ ನೆನಪಿಲ್ಲ. ಆ ವಿಭಾಗದ ಬೆಂಚುಗಳಲ್ಲಿ ಕೂತವರೆಲ್ಲ ಹಾಕಿಕೊಂಡಿದ್ದೆವು.

ಎರಡು ತಿಂಗಳು ಮೆಡಿಕಲ್ ರಜೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕಡಲಿನಲ್ಲಿ ಯಾಂತ್ರಿಕ ಬೋಟುಗಳಿಗೂ ರಜೆ. ಇವರು ಒಮ್ಮೆ ಕಾರಿನಲ್ಲಿ ಕೂರಿಸಿಕೊಂಡು ಮೀನಿನ ಬೋಟು ನಿಲ್ಲುವ ಧಕ್ಕೆಯ ಕಡೆ ಕರೆದುಕೊಂಡು ಹೋದರು. ಒಂದಕ್ಕೊಂದು ಅಂಟಿಕೊಂಡು ಕಟ್ಟಿ ಹಾಕಿದ ಬೋಟುಗಳು, ಮಳೆಯಲ್ಲಿ ನೆನೆಯುತ್ತ, ಏನೂ ಮಾಡದೆ. ಅವುಗಳಿಗೆ ಎಂತ ಕಡಿಮೆ ಉಂಟು ಅಂತ ಯಾರೂ ಕೇಳುವುದಿಲ್ಲ ಅಂತ ಅನಿಸಿತು. ಕಾಯಿಲೆಯ ಆ ದಿನಗಳಲ್ಲಿ ನನಗೆ ಬಂದ ಒಂದೇ ತಮಾಷೆಯ ಯೋಚನೆ ಅದು. ಇವರಿಗೆ ಹೇಳಲಿಲ್ಲ, ಹೇಳಲು ಬಾಯಿ ತೆರೆಯುವಷ್ಟು ಶಕ್ತಿ ಇರಲಿಲ್ಲ.

ಆ ವಿಭಾಗದಲ್ಲಿ ಪ್ರತಿ ಸಲ ಒಂದು ಹಾಳೆ ತುಂಬಿಸಲು ಕೊಡುತ್ತಿದ್ದರು. ಪಿಎಚ್‌ಕ್ಯೂ-9 ಅಂತ ಅದರ ಹೆಸರು, ಅಮೆರಿಕದ ವೈದ್ಯರು ಮಾಡಿದ್ದು, 2001ರಲ್ಲಿ ಪ್ರಕಟವಾಯಿತು. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗೆ, ಹಸಿವು ಹೇಗೆ, ಯಾವುದರಲ್ಲೂ ಆಸಕ್ತಿ ಇಲ್ಲದ ದಿನ ಎಷ್ಟು, ಸತ್ತರೆ ಒಳ್ಳೆಯದು ಅಂತ ಅನಿಸಿದ್ದು ಉಂಟಾ. ಒಂದೊಂದಕ್ಕೆ ಸೊನ್ನೆಯಿಂದ ಮೂರು, ಒಟ್ಟು 27. ಐದಕ್ಕಿಂತ ಕೆಳಗೆ ಬಂದರೆ ಲಕ್ಷಣಗಳು ಇಲ್ಲವೆನ್ನುವಷ್ಟು ಕಡಿಮೆ. ನನ್ನದು ಮೊದಲ ದಿನ 19. ಮೊದಲ ಮಾತ್ರೆ ಹಿಡಿಯಲಿಲ್ಲ. ಮೊದಲ ಔಷಧಕ್ಕೇ ಪೂರ್ತಿ ಗುಣ ಕಾಣುವವರು ಸುಮಾರು ಮೂರನೇ ಒಂದು ಪಾಲು ಮಾತ್ರವಂತೆ. ಎರಡನೆಯದು ಹಿಡಿಯಿತು. ಎಂಟು ತಿಂಗಳಲ್ಲಿ ನಾಲ್ಕಕ್ಕೆ ಇಳಿಯಿತು. ಡಾಕ್ಟ್ರು ಹಾಳೆಯನ್ನು ನನ್ನ ಕಡೆ ತಿರುಗಿಸಿ, "ನೋಡಿ ಮೇಡಂ, ನಾಲ್ಕು" ಅಂದರು. ಅವರ ಮುಖ ಅರಳಿತ್ತು. ಪಾಪ, ನನ್ನದೂ ಅರಳಲಿ ಅಂತ ಸ್ವಲ್ಪ ಹೊತ್ತು ಕಾದರು.

ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಸಂಜೆ ಕ್ಯಾಶ್ ಟ್ಯಾಲಿ ಆಯಿತು ಅಂದರೆ ಬ್ರಾಂಚು ಲಾಭದಲ್ಲಿದೆ ಅಂತಲ್ಲ. ಇವತ್ತು ಹಣ ಕಾಣೆಯಾಗಿಲ್ಲ ಅಂತ, ಅಷ್ಟೆ. ನನ್ನ ನಾಲ್ಕು ಅಂಥ ನಾಲ್ಕು. ನಿದ್ದೆ ಬರುತ್ತಿತ್ತು, ಊಟ ಸೇರುತ್ತಿತ್ತು, ಸಾಯುವ ಯೋಚನೆ ಇರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಯಾವುದಕ್ಕಾಗಿ ಹಲ್ಲುಜ್ಜುತ್ತಿದ್ದೇನೆ ಅಂತ ಕೇಳಿದರೆ ಉತ್ತರ ಇರಲಿಲ್ಲ.

ಇದು ನನ್ನೊಬ್ಬಳ ತಕರಾರಲ್ಲ ಅಂತ ಆಮೇಲೆ ಓದಿ ತಿಳಿಯಿತು. ಅಮೆರಿಕದ ರೋಡ್ ಐಲೆಂಡಿನಲ್ಲಿ ಮಾರ್ಕ್ ಝಿಮ್ಮರ್‌ಮನ್ ಎಂಬ ಮನೋವೈದ್ಯರು ಮತ್ತು ಅವರ ಸಂಗಡಿಗರು ಖಿನ್ನತೆಯ 535 ರೋಗಿಗಳನ್ನು ಕೇಳಿ, 2006ರಲ್ಲಿ ಅದನ್ನು ಪ್ರಕಟಿಸಿದರು: ಗುಣವಾಯಿತು ಅಂತ ನಿಮಗೆ ಅನಿಸಬೇಕಾದರೆ ಏನಾಗಬೇಕು? ಲಕ್ಷಣಗಳು ಹೋಗಬೇಕು ಅನ್ನುವುದಕ್ಕಿಂತ ಮೇಲೆ ಬಂದ ಉತ್ತರಗಳು ಮೂರು. ಮನಸ್ಸಿನಲ್ಲಿ ಭರವಸೆ, ತನ್ನ ಮೇಲೆ ನಂಬಿಕೆ ಬರಬೇಕು. ಮೊದಲಿನ ನಾನು ಆಗಬೇಕು. ಮೊದಲಿನ ಹಾಗೆ ಕೆಲಸ ಮಾಡುವಂತಾಗಬೇಕು. ಓದಿದಾಗ ಯಾರ ಜೊತೆಯೋ ಜಗಳ ಗೆದ್ದಷ್ಟು ಸಂತೋಷ ಆಯಿತು.

ತೃಪ್ತಿಯನ್ನೇ ಅಳೆಯುವ ಹಾಳೆಯೂ ಉಂಟು. ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಮಾಡಿದ್ದು, ಬರೀ ಐದು ವಾಕ್ಯ. ನನ್ನ ಬದುಕು ನಾನು ಬಯಸಿದ ಬದುಕಿಗೆ ಬಹುಪಾಲು ಹತ್ತಿರ ಉಂಟು. ನನ್ನ ಬದುಕಿನ ಸ್ಥಿತಿಗತಿ ತುಂಬ ಚೆನ್ನಾಗಿದೆ. ನಾನು ತೃಪ್ತಳು. ಮುಖ್ಯವಾಗಿ ಬೇಕಾದದ್ದೆಲ್ಲ ಈವರೆಗೆ ಸಿಕ್ಕಿದೆ. ಮತ್ತೊಮ್ಮೆ ಬದುಕಲು ಸಿಕ್ಕಿದರೆ ಹೆಚ್ಚುಕಡಿಮೆ ಏನನ್ನೂ ಬದಲಿಸುವುದಿಲ್ಲ. ಒಂದೊಂದಕ್ಕೆ 1ರಿಂದ 7. ಕಡಿಮೆ ಅಂದರೆ 5, ಹೆಚ್ಚು ಅಂದರೆ 35. 20 ಅಂದರೆ ಅತ್ತ ಇಲ್ಲ ಇತ್ತ ಇಲ್ಲ. ಒಂದು ಭಾನುವಾರ ಮಧ್ಯಾಹ್ನ ಡೈನಿಂಗ್ ಟೇಬಲಿನಲ್ಲಿ ಕೂತು ನಾನೇ ನನಗೆ ಪರೀಕ್ಷೆ ಬರೆದೆ. 16 ಬಂತು. ಆಸ್ಪತ್ರೆಯ ಹಾಳೆಯಲ್ಲಿ ಪಾಸು, ಇದರಲ್ಲಿ ಫೇಲು.

ಐದನೇ ವಾಕ್ಯದ ಮೇಲೆ ನನಗೆ ಸಿಟ್ಟು ಉಂಟು. ಖಿನ್ನತೆಯಲ್ಲಿ ಎರಡು ವರ್ಷ ಕಳೆದುಕೊಂಡವಳು "ಏನನ್ನೂ ಬದಲಿಸುವುದಿಲ್ಲ" ಅಂತ ಹೇಗೆ ಬರೆಯಬೇಕು? ಆ ಎರಡು ವರ್ಷವನ್ನು ನಾನು ಬದಲಿಸುತ್ತೇನೆ. ಖಂಡಿತ ಬದಲಿಸುತ್ತೇನೆ. ಕಾಯಿಲೆ ತನ್ನನ್ನು ಗಟ್ಟಿ ಮಾಡಿತು, ಒಳ್ಳೆಯ ಮನುಷ್ಯಳನ್ನಾಗಿ ಮಾಡಿತು ಅಂತ ಬರೆಯುವವರನ್ನು ಓದಿದ್ದೇನೆ. ಅವರಿಗೆ ಹಾಗಾಗಿದ್ದರೆ ಸಂತೋಷವೇ. ನನಗೆ ಅದು ಏನನ್ನೂ ಕಲಿಸಲಿಲ್ಲ, ತೆಗೆದುಕೊಂಡು ಹೋಯಿತು. ಮಗಳ ಒಂಬತ್ತನೇ ಕ್ಲಾಸು ನನಗೆ ನೆನಪೇ ಇಲ್ಲ. ಸ್ಕೂಲ್ ಡೇಯಲ್ಲಿ ಅವಳು ಕುಣಿದದ್ದರ ವಿಡಿಯೋ ಉಂಟು. ಅದರಲ್ಲಿ ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವ ನಾನೂ ಇದ್ದೇನೆ. ಅಲ್ಲಿಗೆ ಹೋದ ನೆನಪು ನನಗಿಲ್ಲ.

ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಕಾಯಿಲೆಯ ಒಳಗಿರುವಾಗ ಏನು ಕಳೆದುಹೋಗುತ್ತಿದೆ ಅಂತ ಕಾಣುವುದಿಲ್ಲ, ಕಾಣುವ ಕಣ್ಣೇ ಮಂಜಾಗಿರುತ್ತದೆ. ಗುಣವಾದ ಮೇಲೆ ಬಿಲ್ಲು ಬರುತ್ತದೆ. ತಪ್ಪಿದ ಪ್ರಮೋಶನ್, ಫೋನ್ ಎತ್ತದೆ ದೂರವಾದ ಗೆಳತಿ, ಅಮ್ಮನ ಕಣ್ಣಿನ ಆಪರೇಶನಿಗೆ ಹೋಗದೆ ಇದ್ದದ್ದು. ಹಾಗಾಗಿ ಗುಣವಾದ ಮೊದಲ ವರ್ಷ ತೃಪ್ತಿಯ ಅಂಕ ಕಡಿಮೆ ಬಂದರೆ ಅದು ಕಾಯಿಲೆ ಉಳಿದದ್ದರಿಂದಲೇ ಇರಬೇಕೆಂದಿಲ್ಲ. ಲೆಕ್ಕ ನೋಡುವಷ್ಟು ಆರೋಗ್ಯ ಬಂದದ್ದರಿಂದಲೂ ಇರಬಹುದು.

ನಡುವೆ ಒಂದು ಮಳೆಯ ವಿಷಯ. 1983ರಲ್ಲಿ ಶ್ವಾರ್ಟ್ಸ್ ಮತ್ತು ಕ್ಲೋರ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಜನರಿಗೆ ಫೋನ್ ಮಾಡಿ ಬದುಕಿನ ಬಗ್ಗೆ ಕೇಳಿದರಂತೆ. ಬಿಸಿಲಿನ ದಿನ ಕೇಳಿದಾಗ ತೃಪ್ತಿ ಹೆಚ್ಚು, ಮಳೆಯ ದಿನ ಕಡಿಮೆ. ಮೊದಲು ಹವೆಯ ಬಗ್ಗೆ ಒಂದು ಮಾತು ಕೇಳಿ ಆಮೇಲೆ ಬದುಕಿನ ಬಗ್ಗೆ ಕೇಳಿದರೆ ಆ ವ್ಯತ್ಯಾಸ ಮಾಯ. ಇದು ಬಹಳ ಹೆಸರು ಮಾಡಿದ ಪ್ರಯೋಗ. ಆ ಲೆಕ್ಕದಲ್ಲಿ ಮಂಗಳೂರಿನವರು ವರ್ಷಕ್ಕೆ ನಾಲ್ಕು ತಿಂಗಳು ಅತೃಪ್ತರಾಗಿಯೇ ಇರಬೇಕಿತ್ತು! ಮೂವತ್ತು ವರ್ಷದ ಮೇಲೆ, 2013ರಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಉತ್ತರಗಳನ್ನು ಹವೆಯ ಜೊತೆ ಇಟ್ಟು ನೋಡಿದಾಗ ಹೇಳಿಕೊಳ್ಳುವಂಥ ಸಂಬಂಧ ಸಿಗಲಿಲ್ಲ. ಮಳೆಯನ್ನು ಬಿಟ್ಟುಬಿಡೋಣ. ಒಳಗಿನ ಹವೆಯ ಕತೆಯೇ ಬೇರೆ. ಖಿನ್ನತೆಯ ನಡುವೆ ನನ್ನ ಕೈಗೆ ಆ ಐದು ವಾಕ್ಯ ಕೊಟ್ಟಿದ್ದರೆ ಐದಕ್ಕೂ ಒಂದೊಂದೇ ಬರೆಯುತ್ತಿದ್ದೆ. ಮದುವೆಯಾದದ್ದು ತಪ್ಪು, ಬ್ಯಾಂಕಿಗೆ ಸೇರಿದ್ದು ತಪ್ಪು, ಹುಟ್ಟಿದ್ದೇ ತಪ್ಪು ಅನ್ನುತ್ತಿದ್ದೆ. ಆ ಕಾಯಿಲೆ ಇವತ್ತಿನ ದಿನವನ್ನು ಮಾತ್ರ ಕೆಡಿಸುವುದಲ್ಲ, ಹಿಂದಕ್ಕೆ ಹೋಗಿ ಹಳೆಯ ಫೋಟೋಗಳಿಗೂ ಮಸಿ ಬಳಿಯುತ್ತದೆ.

ನಾಲ್ಕು ಬಂದ ಮೇಲೂ ಖುಷಿ ಬಾರದ್ದಕ್ಕೆ ಮಾತ್ರೆಯೂ ಒಂದು ಕಾರಣ ಆಗಿತ್ತು. ಅಳು ಬರುವುದಿಲ್ಲ, ನಗುವೂ ಬರುವುದಿಲ್ಲ. ಎಲ್ಲದರ ಮೇಲೂ ತೆಳುವಾದ ಪ್ಲಾಸ್ಟಿಕ್ ಹೊದೆಸಿದ ಹಾಗೆ. ಡಾಕ್ಟ್ರಿಗೆ ಹೇಳಲು ನನಗೆ ಸಂಕೋಚ, ಇಷ್ಟು ಗುಣ ಮಾಡಿದವರ ಹತ್ತಿರ ದೂರು ಹೇಳುವುದಾ ಅಂತ. ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಈ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಹೀಗೆ ಹೇಳುವವರು ಬಹಳ, 2017ರ ಒಂದು ಅಧ್ಯಯನದಲ್ಲಿ ಶೇ. 46 ಮಂದಿ. ಅದು ಮಾತ್ರೆಯದ್ದೋ ಉಳಿದ ಖಿನ್ನತೆಯದ್ದೋ ಅಂತ ಬೇರ್ಪಡಿಸುವುದು ಸುಲಭವಲ್ಲ ಅಂತಲೂ ಅಂದರು. ಪ್ರಮಾಣ ಬದಲಿಸಿದರು. ಆಮೇಲೆ, ಅದೇ ವಿಭಾಗದ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು.

ಆಕೆ ನನಗಿಂತ ಹದಿನೈದು ವರ್ಷ ಸಣ್ಣವಳು. ಬಾಲ್ಯದ ಬಗ್ಗೆ ಕೇಳುತ್ತಾಳೆ ಅಂತ ತಯಾರಾಗಿ ಹೋಗಿದ್ದೆ. ಕೇಳಲಿಲ್ಲ. ಒಂದು ಪುಸ್ತಕದಲ್ಲಿ ಗೆರೆ ಎಳೆದು ಕೊಟ್ಟಳು: ಏನು ಮಾಡಿದಿರಿ, ಅದರಿಂದ ಎಷ್ಟು ಖುಷಿ, ಮಾಡಿದೆ ಅನ್ನುವ ಸಮಾಧಾನ ಎಷ್ಟು. ಖುಷಿ ಬಂದ ಮೇಲೆ ಮಾಡುವುದಲ್ಲ, ಮಾಡುತ್ತಾ ಹೋಗಿ, ಅಂದಳು. ಲೆಡ್ಜರ್ ಬರೆದ ಕೈ ನನ್ನದು, ಬರೆದೆ. ಆ ಪುಸ್ತಕ ಈಗಲೂ ಉಂಟು.

ಬಟ್ಟೆ ಮಡಚಿದ್ದು: ಖುಷಿ 0, ಸಮಾಧಾನ 3. ಕದ್ರಿ ಪಾರ್ಕಿನಲ್ಲಿ ಎರಡು ಸುತ್ತು: ಖುಷಿ 1, ಸಮಾಧಾನ 4. ಗೆಳತಿಗೆ ಫೋನ್: ಖುಷಿ 0, ಸಮಾಧಾನ 0, ಅವಳು ಎತ್ತಲಿಲ್ಲ. ಅತ್ತೆಯ ಜೊತೆ ಬೆಳ್ಳುಳ್ಳಿ ಸುಲಿದದ್ದು: ಖುಷಿ 2.

ಬೆಳ್ಳುಳ್ಳಿಗೆ ಎರಡು ಅಂಕ ಯಾಕೆ ಬಂತು ಅಂತ ಆ ಹುಡುಗಿ ಕೇಳಿದಳು. ನನಗೆ ಗೊತ್ತಿರಲಿಲ್ಲ. ಯೋಚಿಸಿದರೆ, ಅತ್ತೆ ಆ ಹೊತ್ತಿನಲ್ಲಿ ನನ್ನ ಮುಖ ನೋಡುತ್ತಿರಲಿಲ್ಲ. ಉಳಿದವರೆಲ್ಲ ನನ್ನನ್ನು ಗಾಜಿನ ಪಾತ್ರೆಯ ಹಾಗೆ ನೋಡುತ್ತಿದ್ದರು. ಅತ್ತೆಗೆ ಮಾತ್ರ ಬೆಳ್ಳುಳ್ಳಿ ಬೇಗ ಆಗಬೇಕಿತ್ತು. "ಸಿಪ್ಪೆ ಬಿಡಬೇಡ" ಅಂತ ಬೈದರು. ಎರಡು ವರ್ಷದಲ್ಲಿ ನನ್ನನ್ನು ಬೈದ ಮೊದಲ ಮನುಷ್ಯ ಅವರೇ. ಮರುದಿನ ತೆಂಗಿನಕಾಯಿ ತುರಿಯಲು ಕೂರಿಸಿದರು. ಅದರ ಮರುವಾರ ನೀರ್ ದೋಸೆಯ ಕಾವಲಿಯ ಎದುರು ನಿಲ್ಲಿಸಿದರು. ಮೊದಲ ನಾಲ್ಕು ದೋಸೆ ಹರಿಯಿತು, ಐದನೆಯದು ಪೂರ್ತಿ ಎದ್ದು ಬಂತು. ಸಮಾಧಾನ 6. ಪುಸ್ತಕದಲ್ಲಿ ಅದರ ಅಡಿಗೆ ಎರಡು ಗೆರೆ ಎಳೆದಿದ್ದೇನೆ.

ಕ್ರಿಯೆಯಿಂದ ಮನಸ್ಸಿಗೆ ಹೋಗುವ ಈ ದಾರಿಗೆ ದೊಡ್ಡ ಹಿನ್ನೆಲೆ ಉಂಟು. 1970ರ ದಶಕದಲ್ಲಿ ಪೀಟರ್ ಲೆವಿನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇದರ ಬುನಾದಿ ಹಾಕಿದರು: ಖಿನ್ನತೆಯಲ್ಲಿ ಮನುಷ್ಯ ಮೂಲೆ ಸೇರುತ್ತಾನೆ, ಮೂಲೆ ಸೇರಿದ್ದರಿಂದ ಖುಷಿ ಕೊಡುವ ಸಂಗತಿಗಳು ಎದುರಾಗುವುದೇ ಇಲ್ಲ, ಅದರಿಂದ ಇನ್ನೂ ಮೂಲೆ. ನಮಗೆ ಹತ್ತಿರದ ಕತೆ ಗೋವಾದ್ದು. ಅಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮನಶ್ಶಾಸ್ತ್ರ ಓದದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ತೀವ್ರ ಖಿನ್ನತೆಯ ಸುಮಾರು 500 ಮಂದಿಯಲ್ಲಿ ಇದನ್ನು ಪರೀಕ್ಷಿಸಿದರು. ಆರರಿಂದ ಎಂಟು ಭೇಟಿ, ಅಷ್ಟೆ. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಇದನ್ನೂ ಪಡೆದವರು ಹೆಚ್ಚು ಗುಣ ಕಂಡರು ಅಂತ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದೇ ಕಡಲು, ಇದೇ ತೆಂಗು, ಇದೇ ಮೀನು ಸಾರಿನ ಊರು. ಅತ್ತೆಗೆ ಹೇಳಿದೆ. "ಬೆಳ್ಳುಳ್ಳಿ ಸುಲಿಸುದಕ್ಕೆ ಪೇಪರಿನಲ್ಲಿ ಬಂತಾ?" ಅಂತ ಕೇಳಿದರು.

ಇಲ್ಲಿ ನನ್ನದೇ ಒಂದು ಮೂರ್ಖತನ ಹೇಳಬೇಕು. 2023ರ ಮಾರ್ಚಿನಲ್ಲಿ, ಯಾರನ್ನೂ ಕೇಳದೆ, ಮಾತ್ರೆ ಬಿಟ್ಟೆ. ನೆಂಟರೆಲ್ಲ "ಇನ್ನೂ ಆ ಮಾತ್ರೆ ತಿಂತೀಯಾ?" ಅಂತ ಕೇಳಿ ಕೇಳಿ ನನಗೂ ನಾಚಿಕೆ ಆಗಿತ್ತು. ನಮ್ಮೂರಿನ ವಿಚಿತ್ರ ನೋಡಿ: ತುಳುವರ ಆಟಿ ತಿಂಗಳ (ಜುಲೈ-ಆಗಸ್ಟ್) ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಅರೆದು, ಬರಿಹೊಟ್ಟೆಗೆ ಆ ಕಹಿಯನ್ನು ಮನೆಮಂದಿಯೆಲ್ಲ ಕುಡಿಯುತ್ತೇವೆ. ಆಮೇಲೆ ಮೆಂತೆ ಗಂಜಿ. ಇಂಜಿನಿಯರು, ವಕೀಲರು, ಬ್ಯಾಂಕ್ ಮ್ಯಾನೇಜರು, ಯಾರೂ ಯಾಕೆ ಅಂತ ಕೇಳುವುದಿಲ್ಲ, ಕುಡಿಯದಿದ್ದವರನ್ನೇ ಕೇಳುವುದು. ಬೆರಳ ಉಗುರಿನಷ್ಟು ಸಣ್ಣ ಬಿಳಿ ಮಾತ್ರೆಗೆ ಮಾತ್ರ ನೂರು ವಿಚಾರಣೆ. ಆ ವರ್ಷದ ಆಟಿಯಲ್ಲಿ ನಾನು ಕಷಾಯ ಕುಡಿದೆ, ಮಾತ್ರೆ ಬಿಟ್ಟಿದ್ದೆ, ಮತ್ತೆ ಮೂರೂವರೆಯ ಎಚ್ಚರ ಶುರುವಾಯಿತು. ಆಸ್ಪತ್ರೆಯ ಹಾಳೆಯಲ್ಲಿ 14.

ಗುಣವಾದ ಮೇಲೂ ಕಡಿಮೆ ಅಂದರೆ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಬೇಕು, ಬಿಡುವುದಾದರೂ ವೈದ್ಯರು ಹೇಳಿದ ಹಾಗೆ ನಿಧಾನಕ್ಕೆ, ಅಂತ ಮೊದಲೇ ಹೇಳಿದ್ದರು. ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧ ಮಂದಿಗೆ ಮತ್ತೊಮ್ಮೆ ಬರುತ್ತದೆ ಅಂತಲೂ ಹೇಳಿದ್ದರು. ಆ ಅರ್ಧದಲ್ಲಿ ನಾನಿಲ್ಲ ಅಂತ ನನಗೆ ಖಾತ್ರಿ ಇತ್ತು, ಯಾಕೆ ಅಂತ ಗೊತ್ತಿಲ್ಲ. ಎರಡನೇ ಸಲ ಬೇಗ ಹೋದೆ, ಮಾಸ್ಕು ಇಲ್ಲದೆ ಹೋದೆ. ಬೇಗ ಗುಣವೂ ಆಯಿತು. ಈಗ ಬೆಳಿಗ್ಗೆ ಅತ್ತೆ ಬಿಪಿ ಮಾತ್ರೆ, ನಾನು ನನ್ನದು, ಒಂದೇ ತಂಬಿಗೆಯ ನೀರಿನಲ್ಲಿ.

ಮಾತ್ರೆ ಕೌಂಟರಿನ ಎದುರಿನ ಬೆಂಚಿನಲ್ಲಿ ಪರಿಚಯವಾದ ಇಬ್ಬರ ಬಗ್ಗೆ ಬರೆಯಬೇಕು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಒಬ್ಬರು ಉಡುಪಿ ಕಡೆಯ ನಿವೃತ್ತ ಮೇಷ್ಟ್ರು. ಅವರ ಹಾಳೆ ಒಂದು ವರ್ಷದಿಂದ ಎರಡು ಮೂರರ ಮೇಲೆ ಹೋಗಿಲ್ಲ. ಹೇಗಿದ್ದೀರಿ ಅಂದರೆ, "ರೋಗ ಇಲ್ಲ. ರೋಗ ಇಲ್ಲದ ಮೇಲೆ ಇನ್ನೆಂತ ಇರಬೇಕು ಅಂತ ಮರ್ತುಹೋಗಿದೆ ಮೇಡಂ" ಅನ್ನುತ್ತಾರೆ. ಹೆಂಡತಿ ತೀರಿಹೋಗಿದ್ದಾರೆ, ಮಗ ದುಬೈಯಲ್ಲಿ. ಮನೆಗೆ ಹೋದರೆ ಮಾತಾಡಲು ಫ್ರಿಜ್ಜು.

ಇನ್ನೊಬ್ಬ ರಿಕ್ಷಾ ಓಡಿಸುವವನು, ಬೈಂದೂರು ಕಡೆಯವನು. ಅವನ ಕಾಯಿಲೆ ಪೂರ್ತಿ ಬಿಟ್ಟಿಲ್ಲ. ನಿದ್ದೆ ಅರ್ಧಂಬರ್ಧ, ತಿಂಗಳಲ್ಲಿ ನಾಲ್ಕೈದು ದಿನ ಏಳಲಿಕ್ಕೇ ಆಗುವುದಿಲ್ಲ. ಆ ದಿನಗಳಲ್ಲಿ ಸ್ಟ್ಯಾಂಡಿನವರು ಫೋನ್ ಮಾಡುತ್ತಾರಂತೆ. ಯಾಕೆ ಬರಲಿಲ್ಲ ಅಂತ ಕೇಳುವುದಿಲ್ಲ, "ಮಧ್ಯಾಹ್ನ ಆದ್ರೂ ಬಾ, ಕೇರಂಗೆ ಒಂದು ಜನ ಕಡಿಮೆ ಉಂಟು" ಅನ್ನುತ್ತಾರೆ. ಅವನನ್ನು ಹೇಗಿದ್ದೀ ಅಂತ ಕೇಳಿ ನೋಡಿ. "ಅಡ್ಡಿಲ್ಲ ಅಕ್ಕ." ನಮ್ಮ ಕುಂದಾಪುರ ಸೀಮೆಯ ಈ ಮಾತನ್ನು ಬೇರೆ ಕಡೆಯವರಿಗೆ ಬಿಡಿಸಿ ಹೇಳುವುದು ಕಷ್ಟ. ಚೆನ್ನಾಗಿದೆ ಅಂತಲ್ಲ, ಪರವಾಗಿಲ್ಲ ಅನ್ನುವಷ್ಟು ಸಪ್ಪೆಯೂ ಅಲ್ಲ. ದಾರಿಗೆ ಅಡ್ಡ ಏನೂ ಇಲ್ಲ, ಹೋಗಬಹುದು, ಅಂತ. ಐದು ವಾಕ್ಯದ ಆ ಹಾಳೆಯನ್ನು ಇಬ್ಬರಿಗೂ ಕೊಟ್ಟರೆ ರಿಕ್ಷಾದವನು ಮೇಷ್ಟ್ರಿಗಿಂತ ಹೆಚ್ಚು ಅಂಕ ತೆಗೆಯುತ್ತಾನೆ, ನನಗೆ ಅನುಮಾನವಿಲ್ಲ. ಆಸ್ಪತ್ರೆಯ ಹಾಳೆಯಲ್ಲಿ ಮೇಷ್ಟ್ರು ಮುಂದೆ.

ನೆಂಟರಲ್ಲಿ ಒಂದಿಬ್ಬರು ಈಗ ಗುಟ್ಟಾಗಿ ನನಗೆ ಫೋನ್ ಮಾಡುತ್ತಾರೆ. ನಾನು ಡಾಕ್ಟ್ರಲ್ಲ, ಮಾನಸಿಕ ಆರೋಗ್ಯಕ್ಕೆ ಸರ್ಕಾರ ಇಟ್ಟಿರುವ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರು ಕೊಡುತ್ತೇನೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡಬಹುದು. "ಎಂತ ಕಡಿಮೆ ಉಂಟು" ಅಂತ ನನ್ನನ್ನು ಹೆಚ್ಚು ಸಲ ಕೇಳಿದ ಅತ್ತಿಗೆಯೂ ಅವರಲ್ಲಿ ಒಬ್ಬರು. ನಾನು ಏನೂ ಅನ್ನಲಿಲ್ಲ. ಸ್ವಲ್ಪ ಅನ್ನಬೇಕು ಅಂತ ಇತ್ತು.

ಮೊನ್ನೆ ಮತ್ತೆ ಆ ಐದು ವಾಕ್ಯ ತೆಗೆದು ಬರೆದೆ. 22 ಬಂತು. ಐದನೆಯದಕ್ಕೆ ಈಗಲೂ ಎರಡೇ, ಅದು ಮೇಲೆ ಹೋಗುವುದೂ ಬೇಡ. ಉಳಿದ ನಾಲ್ಕಕ್ಕೆ ಐದೈದು. ಯಾವುದಕ್ಕೂ ಏಳು ಹಾಕಲು ಕೈ ಬರಲಿಲ್ಲ.

ಹೋದ ಭಾನುವಾರ ಸಂಜೆ ಮಗಳ ಜೊತೆ ಮಂಗಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿ ತಣ್ಣೀರುಬಾವಿಯ ಕಡಲ ಬದಿಗೆ ಹೋದೆ. ಅವಳಿಗೆ ಈಗ ಕಾಲೇಜು. ನಾನು ಸುಮ್ಮನೆ ಕೂತರೆ ಈಗಲೂ ಒಮ್ಮೆ ತಿರುಗಿ ನನ್ನ ಮುಖ ನೋಡುತ್ತಾಳೆ. ಇವರ ಹಾಗೆಯೇ. ಆ ಅಭ್ಯಾಸ ಅವರಿಬ್ಬರಿಗೂ ಬೇಗ ಬಿಡುವಂಥದ್ದಲ್ಲ. ಅದೂ ಆ ಬಿಲ್ಲಿನ ಒಂದು ಸಾಲು, ಕಂತಿನಲ್ಲಿ ಕಟ್ಟುತ್ತಿದ್ದೇನೆ. ದೋಣಿ ನಡುನೀರಿಗೆ ಬಂದಾಗ ಕೇಳಿದಳು, "ಅಮ್ಮ, ಒಂದು ಏಣಿ ಉಂಟು ಅಂತ ಇಟ್ಕೊ. ಅಡಿಯಲ್ಲಿ ಸೊನ್ನೆ, ತುದಿಯಲ್ಲಿ ಹತ್ತು. ಹತ್ತು ಅಂದ್ರೆ ನಿಂಗೆ ಸಾಧ್ಯ ಇರುವ ಬೆಸ್ಟ್ ಲೈಫ್. ಈಗ ನೀನು ಎಷ್ಟನೇ ಮೆಟ್ಟಿಲಲ್ಲಿದ್ದೀ?"

ಅದು ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಹೇಳಿದ ಏಣಿ, ದೇಶಗಳ ಸಂತೋಷದ ಪಟ್ಟಿ ಮಾಡುವುದು ಅದರಿಂದಲೇ ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಸ್ವಲ್ಪ ಯೋಚಿಸಿದೆ.

"ಆರು."

"ಆರಾ?" ಅವಳು ಲೆಕ್ಕ ಹಾಕಿದಳು. "ನಂದು ನಾಲ್ಕು. ನಾಳೆ ಇಂಟರ್ನಲ್ಸ್ ಉಂಟು, ಎಂತ ಕೂಡ ಓದ್ಲಿಲ್ಲ."

"ಮತ್ತೆ ಯಾಕೆ ಬಂದದ್ದು?"

"ನೀನು ಕರೆದದ್ದಲ್ವಾ ಮಾರಾಯ್ತಿ."

ದೋಣಿ ದಡಕ್ಕೆ ತಾಗಿತು. ಅವಳು ನನಗಿಂತ ಮೊದಲು ಹಾರಿದಳು, ಚರುಂಬುರಿಯವನ ಹತ್ತಿರ ಹೋಗಿ ಎರಡು ಪೊಟ್ಟಣ ಹೇಳಿದಳು, ನನ್ನದಕ್ಕೆ ಖಾರ ಜಾಸ್ತಿ ಹಾಕಲು.